ಪಟ್ಟಣವೇ ಇಲ್ಲದ ಮರ್ಚಿಸನ್: ನೂರು ಜನರ ಸ್ಥಳೀಯ ಸರ್ಕಾರ ನಡೆಯುವುದು ಹೇಗೆ?

2024ರ ಆರಂಭದಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂತು. ಜಗತ್ತಿನ ಅತಿ ದೊಡ್ಡ ರೇಡಿಯೊ ದೂರದರ್ಶಕವನ್ನು ಕಟ್ಟುತ್ತಿರುವ ದೇಶಗಳ ಕೂಟಕ್ಕೆ ಭಾರತವೂ ಸೇರುತ್ತದೆ, ಅದಕ್ಕಾಗಿ ಕೇಂದ್ರ ಸರ್ಕಾರ 1,250 ಕೋಟಿ ರೂಪಾಯಿಗೆ ಒಪ್ಪಿಗೆ ನೀಡಿದೆ ಎಂಬುದು ಅದರ ಸಾರ. ಯೋಜನೆಯ ಹೆಸರು ಸ್ಕ್ವೇರ್ ಕಿಲೋಮೀಟರ್ ಅರೇ, ಚಿಕ್ಕದಾಗಿ ಎಸ್‌ಕೆಎ. ಅದರ ಒಂದು ಭಾಗ ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಏಳುತ್ತಿದೆ. ಇನ್ನೊಂದು ಭಾಗ ಏಳುತ್ತಿರುವುದು ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ.

ದೂರದರ್ಶಕದ ಬಗ್ಗೆ ಬೇಕಾದಷ್ಟು ಬರಹಗಳು ಬಂದವು. ಮರ್ಚಿಸನ್ ಎಂಬ ಜಾಗದ ಬಗ್ಗೆ ಮಾತ್ರ ‘ನಿರ್ಜನ ಮರುಭೂಮಿ’ ಎಂಬ ಎರಡು ಪದ ಬಿಟ್ಟು ಹೆಚ್ಚೇನೂ ಕಾಣಲಿಲ್ಲ. ಆದರೆ ಅದು ನಿರ್ಜನವಲ್ಲ. ಅಲ್ಲಿ ನೂರರ ಆಸುಪಾಸಿನಲ್ಲಿ ಜನರಿದ್ದಾರೆ. ಅವರಿಗೊಂದು ಚುನಾಯಿತ ಮಂಡಳಿ, ಅದಕ್ಕೊಬ್ಬ ಅಧ್ಯಕ್ಷ, ಒಂದು ಕಚೇರಿ, ಒಂದು ಬಜೆಟ್ ಇವೆ. ನಮ್ಮ ಒಂದು ಸಾಧಾರಣ ಮದುವೆಗೆ ಸೇರುವುದಕ್ಕಿಂತ ಕಡಿಮೆ ಜನರಿಗೆ ಪೂರ್ಣ ಪ್ರಮಾಣದ ಸ್ಥಳೀಯ ಸರ್ಕಾರ! ಅದು ಏಕಿದೆ, ಹೇಗೆ ನಡೆಯುತ್ತದೆ, ಅದರ ಖರ್ಚನ್ನು ಹೊರುವವರು ಯಾರು? ಜನ ವಿರಳವಾಗಿರುವ ಎಲ್ಲ ಕಡೆಗೂ, ನಮ್ಮ ಮಲೆನಾಡಿನ ಪಂಚಾಯಿತಿಗಳಿಗೂ, ಈ ಪ್ರಶ್ನೆಗಳು ಸಲ್ಲುತ್ತವೆ.

ಶೈರ್ ಎಂದರೆ ಏನು?

ಆಸ್ಟ್ರೇಲಿಯಾದಲ್ಲಿ ಆಡಳಿತಕ್ಕೆ ಮೂರು ಹಂತಗಳಿವೆ. ಮೇಲೆ ಒಕ್ಕೂಟ ಸರ್ಕಾರ, ನಡುವೆ ರಾಜ್ಯಗಳು, ಕೆಳಗೆ ಸ್ಥಳೀಯ ಸರ್ಕಾರ. ನಮ್ಮಲ್ಲಿರುವಂತೆ ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಮೂರು ಮೆಟ್ಟಿಲು ಆ ಕೆಳಗಿನ ಹಂತದಲ್ಲಿಲ್ಲ. ಒಂದು ಪ್ರದೇಶಕ್ಕೆ ಒಂದೇ ಮಂಡಳಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಗರ ಪ್ರದೇಶದ ಮಂಡಳಿಗೆ ಸಿಟಿ ಅಥವಾ ಟೌನ್ ಎಂದೂ ಹಳ್ಳಿಗಾಡಿನದಕ್ಕೆ ಶೈರ್ ಎಂದೂ ಹೆಸರು. ನಮ್ಮ ಗ್ರಾಮ ಪಂಚಾಯಿತಿಯ ಕೆಲಸವನ್ನು ಜಿಲ್ಲಾ ಪಂಚಾಯಿತಿಯ ವಿಸ್ತಾರದಲ್ಲಿ ಮಾಡುವ ಸಂಸ್ಥೆ ಎಂದುಕೊಂಡರೆ ಶೈರ್‌ನ ಚಿತ್ರ ಹೆಚ್ಚುಕಡಿಮೆ ಸಿಗುತ್ತದೆ.

ಒಂದು ಮುಖ್ಯ ವ್ಯತ್ಯಾಸವಿದೆ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ 1993ರಲ್ಲಿ ನಮ್ಮ ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ದೊರೆಯಿತು. ಆಸ್ಟ್ರೇಲಿಯಾದ ಒಕ್ಕೂಟ ಸಂವಿಧಾನದಲ್ಲಿ ಸ್ಥಳೀಯ ಸರ್ಕಾರದ ಪ್ರಸ್ತಾಪವೇ ಇಲ್ಲ. ಅದನ್ನು ಸೇರಿಸಬೇಕೆಂದು 1974ರಲ್ಲಿ ಒಮ್ಮೆ, 1988ರಲ್ಲಿ ಇನ್ನೊಮ್ಮೆ ಜನಮತಗಣನೆ ನಡೆಯಿತು. ಎರಡು ಸಲವೂ ಜನ ಬೇಡವೆಂದರು. ಹೀಗಾಗಿ ಶೈರ್‌ಗಳು ರಾಜ್ಯದ ಕಾನೂನಿನಿಂದ ಹುಟ್ಟಿದವು. ಮರ್ಚಿಸನ್‌ಗೆ ಅನ್ವಯಿಸುವುದು ಪಶ್ಚಿಮ ಆಸ್ಟ್ರೇಲಿಯಾದ 1995ರ ಸ್ಥಳೀಯ ಸರ್ಕಾರ ಕಾಯ್ದೆ.

ಅಲ್ಲಿ ಬೆಸ ಸಂಖ್ಯೆಯ ವರ್ಷಗಳ ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ ಸ್ಥಳೀಯ ಚುನಾವಣೆ ನಡೆಯುತ್ತದೆ. ಸದಸ್ಯರ ಅವಧಿ ನಾಲ್ಕು ವರ್ಷ. ಈಗಿನ ನಿಯಮದಂತೆ 5,000ದವರೆಗೆ ಜನಸಂಖ್ಯೆ ಇರುವ ಕಡೆ ಐದರಿಂದ ಏಳು ಸದಸ್ಯರಿರಬಹುದು. ಕರ್ನಾಟಕದ ಪಂಚಾಯಿತಿ ಕಾಯ್ದೆಯ ಲೆಕ್ಕ ಬೇರೆ. ಸುಮಾರು 400 ಜನರಿಗೆ ಒಬ್ಬ ಸದಸ್ಯ. ಆ ಅಳತೆಗೋಲು ಹಿಡಿದರೆ ಮರ್ಚಿಸನ್‌ನ ಎಲ್ಲರೂ ಸೇರಿದರೂ ಒಬ್ಬ ಸದಸ್ಯನಿಗೂ ಸಾಲದು.

ನಮ್ಮ ಗ್ರಾಮಸಭೆಯನ್ನು ನೆನಪಿಸುವ ಒಂದು ಏರ್ಪಾಡು ಅಲ್ಲಿಯೂ ಇದೆ. ಪ್ರತಿ ಹಣಕಾಸು ವರ್ಷದಲ್ಲಿ ಒಮ್ಮೆ ಮತದಾರರ ಸಾಮಾನ್ಯ ಸಭೆ ಕರೆಯಲೇಬೇಕೆಂದು ಕಾಯ್ದೆ ಹೇಳುತ್ತದೆ. ಆಡಳಿತದ ಹೊಣೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯದು. ನಮ್ಮ ಪಿಡಿಒ ಸರ್ಕಾರದಿಂದ ನಿಯುಕ್ತರಾಗಿ ಬರುತ್ತಾರೆ. ಅಲ್ಲಿ ಆ ಅಧಿಕಾರಿಯನ್ನು ಮಂಡಳಿಯೇ ನೇಮಿಸಿಕೊಳ್ಳುತ್ತದೆ, ಉಳಿದ ಸಿಬ್ಬಂದಿಯನ್ನು ಆ ಅಧಿಕಾರಿ ನೇಮಿಸಿಕೊಳ್ಳುತ್ತಾರೆ.

ಕೇರಳಕ್ಕಿಂತ ದೊಡ್ಡ ನೆಲ

ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 700 ಕಿಲೋಮೀಟರ್ ಹೋದರೆ ಮರ್ಚಿಸನ್. ಅದರ ವಿಸ್ತಾರ 40,000 ಚದರ ಕಿಲೋಮೀಟರನ್ನು ಮೀರುತ್ತದೆ. ಇಡೀ ಕೇರಳ ರಾಜ್ಯ 38,863 ಚದರ ಕಿಲೋಮೀಟರ್ ಇದೆ. ಕೇರಳದಲ್ಲಿ ಮೂರು ಕೋಟಿಗೂ ಹೆಚ್ಚು ಜನ, ಇಲ್ಲಿ ನೂರರ ಆಸುಪಾಸು. ಬೆಂಗಳೂರು ಮಹಾನಗರ ಪಾಲಿಕೆ ಒಂದಾಗಿದ್ದಾಗ ಅದರ ವ್ಯಾಪ್ತಿ 741 ಚದರ ಕಿಲೋಮೀಟರ್ ಎನ್ನುತ್ತಿದ್ದೆವು. ಅಷ್ಟೇ ಜಾಗಕ್ಕೆ ಮರ್ಚಿಸನ್‌ನ ಲೆಕ್ಕದಲ್ಲಿ ಸಿಗುವವರು ಸುಮಾರು ಇಬ್ಬರು.

ಇಷ್ಟು ವಿರಳವಾಗಲು ಮೊದಲ ಕಾರಣ ಮಳೆ. ವರ್ಷಕ್ಕೆ ಸರಾಸರಿ 250 ಮಿಲಿಮೀಟರಿಗಿಂತ ಕಡಿಮೆ, ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಬರದ ಹೆಸರು ಹೊತ್ತ ನಮ್ಮ ಚಿತ್ರದುರ್ಗ ಜಿಲ್ಲೆಗೂ ಅದರ ಎರಡರಷ್ಟು ಮಳೆಯಾಗುತ್ತದೆ. ಇಂಥ ನೆಲದಲ್ಲಿ ಉಳುಮೆ ಸಾಧ್ಯವಿಲ್ಲ. ಕುರಿ, ದನ, ಆಡು ಮೇಯಿಸಬಹುದು, ಅದೂ ಒಂದೊಂದು ತಲೆಗೆ ಹತ್ತಾರು ಎಕರೆ ಬಿಟ್ಟುಕೊಟ್ಟರೆ ಮಾತ್ರ.

ಸ್ಟೇಷನ್ ಎಂದೊಡನೆ ನಮಗೆ ರೈಲೋ ಪೊಲೀಸರೋ ನೆನಪಾಗುತ್ತಾರೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಸ್ಟೇಷನ್ ಎಂದರೆ ಮೇವಿನ ದೊಡ್ಡ ಹಿಡುವಳಿ. ನೆಲ ಸರ್ಕಾರದ್ದು. ಮೇಯಿಸುವ ಹಕ್ಕನ್ನು ಮಾತ್ರ ದೀರ್ಘಾವಧಿಯ ಗುತ್ತಿಗೆಗೆ ಕೊಡುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಇಂಥ ಎಲ್ಲ ಗುತ್ತಿಗೆಗಳ ಅವಧಿ 2015ರ ಜೂನ್ 30ಕ್ಕೆ ಒಟ್ಟಿಗೇ ಮುಗಿದು ನವೀಕರಣವಾಯಿತು. ನಮ್ಮ ಅಮೃತ ಮಹಲ್ ಕಾವಲುಗಳಲ್ಲಿಯೂ ನೆಲ ಸರ್ಕಾರದ್ದೇ, ಮೇಯುವುದು ಊರಿನ ದನಕುರಿ. ವ್ಯತ್ಯಾಸವೆಂದರೆ ಕಾವಲಿನಲ್ಲಿ ಊರೆಲ್ಲರ ಕುರಿ ಮೇಯುತ್ತದೆ, ಸ್ಟೇಷನ್ನಿನಲ್ಲಿ ಒಂದು ಕುಟುಂಬ ಅಥವಾ ಒಂದು ಕಂಪನಿಯದ್ದು ಮಾತ್ರ. ಮರ್ಚಿಸನ್‌ನಲ್ಲಿರುವ ಬೂಲಾರ್ಡಿ ಎಂಬ ಒಂದೇ ಸ್ಟೇಷನ್ ನಮ್ಮ ಕೊಡಗು ಜಿಲ್ಲೆಯ ಮುಕ್ಕಾಲು ಭಾಗವನ್ನು ಮೀರುತ್ತದೆ. ಪಕ್ಕದ ಮನೆ ಎಂದರೆ ಹತ್ತಾರು ಕಿಲೋಮೀಟರ್ ದೂರ.

ಹೀಗಾಗಿ ಇಲ್ಲಿ ಪಟ್ಟಣವೇ ಹುಟ್ಟಲಿಲ್ಲ. ನೆರೆಯ ಹಲವು ಶೈರ್‌ಗಳಿಗೆ ಚಿನ್ನದ ಗಣಿಯ ಸುತ್ತಲೋ ರೈಲು ನಿಲ್ದಾಣದ ಸುತ್ತಲೋ ಬೆಳೆದ ಒಂದೊಂದು ಊರಾದರೂ ಇದೆ. ಮರ್ಚಿಸನ್‌ಗೆ ಇರುವುದು ಮರ್ಚಿಸನ್ ಸೆಟಲ್‌ಮೆಂಟ್ ಎಂಬ ಪುಟ್ಟ ನೆಲೆ. ಮಂಡಳಿಯ ಕಚೇರಿ, ಸಿಬ್ಬಂದಿಯ ಮನೆಗಳು, ಯಂತ್ರಗಳ ಕೊಟ್ಟಿಗೆ, ಒಂದು ಸಣ್ಣ ವಸ್ತುಸಂಗ್ರಹಾಲಯ, ಪೆಟ್ರೋಲ್ ಸಿಗುವ ರೋಡ್‌ಹೌಸ್, ಕ್ಯಾರವಾನ್ ತಂಗುದಾಣ, ಇಷ್ಟೇ. ಆ ರೋಡ್‌ಹೌಸ್ ಕೂಡ ಶೈರ್‌ನದೇ ಆಸ್ತಿ. ನೂರು ಜನರನ್ನು ನಂಬಿ ಯಾವ ವ್ಯಾಪಾರಿ ಬಂಕ್ ತೆರೆದಾನು? ಆದರೆ ಬಂಕ್ ಇಲ್ಲದಿದ್ದರೆ ನೂರಾರು ಕಿಲೋಮೀಟರ್ ದಾರಿಯಲ್ಲಿ ಗಾಡಿಗಳು ನಿಂತುಹೋಗುತ್ತವೆ. ಮಾರುಕಟ್ಟೆ ಬಾರದ ಕಡೆ ಅಂಗಡಿಯನ್ನೂ ಸ್ಥಳೀಯ ಸರ್ಕಾರವೇ ಹಾಕಬೇಕಾಗುತ್ತದೆ.

ಹುಟ್ಟಿದ್ದೇ ರಸ್ತೆಗಾಗಿ

ಈ ಮಂಡಳಿಗಳು ಮೊದಲು ಹುಟ್ಟಿದ್ದು ಶೈರ್ ಎಂಬ ಹೆಸರಿನಲ್ಲಲ್ಲ. ಪಶ್ಚಿಮ ಆಸ್ಟ್ರೇಲಿಯಾ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, 1871ರ ಕಾನೂನಿನಡಿ, ಹಳ್ಳಿಗಾಡಿನಲ್ಲಿ ‘ರೋಡ್ ಬೋರ್ಡ್’ಗಳನ್ನು ಮಾಡಿದರು. ಹೆಸರೇ ಹೇಳುವಂತೆ ಅವುಗಳ ಕೆಲಸ ರಸ್ತೆ. ಉಣ್ಣೆ ಹೇರಿದ ಗಾಡಿ ಬಂದರಿಗೆ ತಲುಪಬೇಕು, ಹಿಟ್ಟು, ಚಹ, ಸಕ್ಕರೆ ಹೇರಿದ ಗಾಡಿ ಮರಳಿ ಬರಬೇಕು. 1961ರ ಜುಲೈ 1ರಂದು ರಾಜ್ಯದ ಎಲ್ಲ ರೋಡ್ ಬೋರ್ಡ್‌ಗಳಿಗೂ ಶೈರ್ ಎಂಬ ಹೆಸರು ಬಂತು. ಹೆಸರು ಬದಲಾಯಿತೇ ಹೊರತು ಮರ್ಚಿಸನ್‌ನಲ್ಲಿ ಕೆಲಸದ ತಿರುಳು ಬದಲಾಗಲಿಲ್ಲ.

ಇಂದು ಆ ಶೈರ್ ನೋಡಿಕೊಳ್ಳುವ ರಸ್ತೆ 1,500 ಕಿಲೋಮೀಟರಿಗೂ ಹೆಚ್ಚು. ತಲೆಗೆ ಹಂಚಿದರೆ ಒಬ್ಬೊಬ್ಬರಿಗೆ ಸುಮಾರು ಹದಿನೈದು ಕಿಲೋಮೀಟರ್. ಬಹುಪಾಲು ಡಾಂಬರು ಕಾಣದ ಕೆಂಪು ಮಣ್ಣಿನ ರಸ್ತೆ. ಹೀಗಿರುವಾಗ ಇಲ್ಲಿನ ಆಡಳಿತದ ನಿಜವಾದ ಮುಖ ಸಭಾಂಗಣದಲ್ಲಿ ಇಲ್ಲ, ಗ್ರೇಡರ್ ಯಂತ್ರದ ಚಾಲಕನ ಆಸನದಲ್ಲಿದೆ ಎಂದರೆ ತಪ್ಪಾಗಲಾರದು.

ಗ್ರೇಡರ್ ನಮ್ಮ ಹೆದ್ದಾರಿ ಕಾಮಗಾರಿಗಳಲ್ಲಿಯೂ ಕಾಣುವ ಯಂತ್ರ. ಉದ್ದ ಮೂತಿ, ಹೊಟ್ಟೆಯ ಕೆಳಗೆ ಅಡ್ಡಲಾಗಿ ಅಗಲವಾದ ಉಕ್ಕಿನ ಅಲಗು. ಮಣ್ಣಿನ ರಸ್ತೆಯ ಮೇಲೆ ಗಾಡಿಗಳು ಓಡಿದಂತೆಲ್ಲ ಅದು ತಗಡಿನ ಚಾವಣಿಯಂತೆ ಏರಿಳಿತದ ಅಲೆ ಕಟ್ಟುತ್ತದೆ. ಆ ಅಲೆಗಳ ಮೇಲೆ ವೇಗವಾಗಿ ಹೋದ ವಾಹನದ ನಟ್ಟು ಬೋಲ್ಟು ಸಡಿಲವಾಗುತ್ತದೆ, ಟೈರಿನ ಹಿಡಿತ ತಪ್ಪುತ್ತದೆ. ಗ್ರೇಡರ್ ಆ ಅಲೆಗಳನ್ನು ಹೆರೆದು, ಅಂಚಿಗೆ ಸರಿದ ಮಣ್ಣನ್ನು ನಡುವಿಗೆ ತಂದು, ನೀರು ಎರಡೂ ಬದಿಗೆ ಹರಿದುಹೋಗುವಂತೆ ರಸ್ತೆಯ ಬೆನ್ನನ್ನು ಸ್ವಲ್ಪ ಉಬ್ಬಿಸುತ್ತದೆ. ಈ ಉಬ್ಬು ಇಲ್ಲದಿದ್ದರೆ ಒಂದೇ ಮಳೆಗೆ ರಸ್ತೆ ಕಾಲುವೆಯಾಗುತ್ತದೆ. ದಿನವೂ ಮನೆಗೆ ಮರಳುವಷ್ಟು ಹತ್ತಿರವಲ್ಲದ ಕಾರಣ ಕೆಲಸಗಾರರು ಕ್ಯಾರವಾನ್, ನೀರಿನ ಟ್ಯಾಂಕು, ಡೀಸೆಲ್ ಎಲ್ಲವನ್ನೂ ಜೊತೆಗೊಯ್ದು ರಸ್ತೆಬದಿಯಲ್ಲೇ ಬೀಡು ಬಿಡುತ್ತಾರೆ.

ಮಳೆ ಅಪರೂಪ, ಬಂದರೆ ಮಾತ್ರ ಅನಾಹುತ. ವರ್ಷದ ಬಹುಪಾಲು ಒಣಗಿರುವ ಮರ್ಚಿಸನ್ ನದಿ ಚಂಡಮಾರುತದ ಮಳೆಗೆ ಉಕ್ಕಿ ಬಂದಾಗ ಹಳ್ಳ ದಾಟುವ ಕಡೆಗಳೆಲ್ಲ ಮುಳುಗುತ್ತವೆ. ಆಗ ಶೈರ್ ರಸ್ತೆಗಳನ್ನು ಮುಚ್ಚುತ್ತದೆ. ಮುಚ್ಚಿದ ರಸ್ತೆಯಲ್ಲಿ ವಾಹನ ಓಡಿಸಿದರೆ ದಂಡವಿದೆ. ಹೊರಗಿನವರಿಗೆ ಇದು ಕಠಿಣವೆನಿಸಬಹುದು. ಹಸಿ ಮಣ್ಣಿನಲ್ಲಿ ಒಂದು ಲಾರಿ ಕೊರೆದ ಜಾಡು ಒಣಗಿ ಗಟ್ಟಿಯಾದರೆ ವಾರಗಟ್ಟಲೆಯ ಗ್ರೇಡರ್ ಕೆಲಸ ನೀರಿನಲ್ಲಿ ಹೋಮವಾಗುತ್ತದೆ. ಜೊತೆಗೆ ಸಿಕ್ಕಿಬಿದ್ದವರನ್ನು ಹುಡುಕಿ ಕರೆತರಬೇಕಾದವರೂ ಅದೇ ಬೆರಳೆಣಿಕೆಯ ಜನ.

ನೂರು ಜನರ ಕಂದಾಯದಿಂದ ಸಾಗುತ್ತದೆಯೇ?

ಸಾಗುವುದಿಲ್ಲ. ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಶೈರ್‌ಗೆ ತನ್ನದೇ ಆದಾಯವೆಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಪಟ್ಟಣದ ಮನೆಗಳಿಗೆ ಬಾಡಿಗೆ ಎಷ್ಟು ಬಂದೀತು ಎಂಬ ಅಂದಾಜಿನ ಮೇಲೆ ತೆರಿಗೆ ಹಾಕುತ್ತಾರೆ. ಹಳ್ಳಿಗಾಡಿನ ನೆಲಕ್ಕೆ ಕಟ್ಟಡ, ಬೇಲಿ ಮುಂತಾದ ಸುಧಾರಣೆಗಳನ್ನು ಬಿಟ್ಟು ಬರಿ ನೆಲದ ಬೆಲೆಯೇ ಆಧಾರ. ಒಣ ಮೇವಿನ ಗುತ್ತಿಗೆ ನೆಲಕ್ಕೆ ಎಷ್ಟು ಬೆಲೆ ಕಟ್ಟಬಹುದು? ಕೊಡುವವರು ಕೆಲವೇ ಸ್ಟೇಷನ್‌ಗಳು, ಬರಗಾಲದಲ್ಲಿ ಅವುಗಳ ಕೈಯೂ ಬರಿದು. ಅವರೆಲ್ಲ ಕೊಟ್ಟರೂ 1,500 ಕಿಲೋಮೀಟರ್ ರಸ್ತೆಯ ಸಣ್ಣ ತುಂಡೊಂದಕ್ಕೆ ಸಾಕಾದೀತು, ಅಷ್ಟೇ. ಇಲ್ಲಿ ಅನುದಾನದ್ದೇ ಸಿಂಹಪಾಲು.

ಒಕ್ಕೂಟ ಸರ್ಕಾರ ಪ್ರತಿವರ್ಷ ರಾಜ್ಯಗಳ ಮೂಲಕ ಸ್ಥಳೀಯ ಸರ್ಕಾರಗಳಿಗೆ ‘ಹಣಕಾಸು ನೆರವಿನ ಅನುದಾನ’ ಕೊಡುತ್ತದೆ. ಈ ಪದ್ಧತಿ 1974ರಲ್ಲಿ ಆರಂಭವಾಯಿತು. ಈಗ ಅದನ್ನು ನಡೆಸುವುದು 1995ರ ಕಾಯ್ದೆ. ಅದರಲ್ಲಿ ಎರಡು ಗಂಟುಗಳು. ಒಂದು ಸಾಮಾನ್ಯ ಉದ್ದೇಶದ್ದು, ಇನ್ನೊಂದು ಸ್ಥಳೀಯ ರಸ್ತೆಗಳದ್ದು. ಎರಡಕ್ಕೂ ಷರತ್ತಿಲ್ಲ. ಬಂದ ಹಣವನ್ನು ಯಾವುದಕ್ಕೆ ಬಳಸಬೇಕೆಂದು ಮಂಡಳಿಯೇ ತೀರ್ಮಾನಿಸಬಹುದು.

ಹಂಚಿಕೆ ಹೇಗೆ? ಸಾಮಾನ್ಯ ಗಂಟು ಮೊದಲು ರಾಜ್ಯಗಳಿಗೆ ಹೋಗುವುದು ಜನಸಂಖ್ಯೆಯ ಲೆಕ್ಕದಲ್ಲಿ. ರಾಜ್ಯದೊಳಗೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಪ್ರತಿ ರಾಜ್ಯದಲ್ಲೂ ಇದಕ್ಕಾಗಿಯೇ ಒಂದು ಸ್ವತಂತ್ರ ಅನುದಾನ ಆಯೋಗವಿದೆ. ಅದು ಪ್ರತಿ ಮಂಡಳಿಯ ಬಗ್ಗೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ನ್ಯಾಯವಾಗಿ ತೆರಿಗೆ ಹಾಕಿದರೆ ಇವರು ಎಷ್ಟು ಗಳಿಸಬಲ್ಲರು? ಉಳಿದವರಂತೆ ಸಾಧಾರಣ ಮಟ್ಟದ ಸೇವೆ ಕೊಡಲು ಇವರಿಗೆ ಎಷ್ಟು ಖರ್ಚಾಗುತ್ತದೆ? ಎರಡರ ನಡುವಿನ ಅಂತರವೇ ಅನುದಾನಕ್ಕೆ ಆಧಾರ. ಇದನ್ನು ಸಮತೋಲನದ ತತ್ವ ಎನ್ನೋಣ.

ಕೂಡುಕುಟುಂಬವೊಂದನ್ನು ಊಹಿಸಿಕೊಳ್ಳಿ. ಹಿರಿಯರು ಮನೆಯ ಹಣವನ್ನು ಮಕ್ಕಳ ತಲೆ ಎಣಿಸಿ ಹಂಚಬಹುದು. ಇಲ್ಲವೇ ಒಬ್ಬ ಮಗನ ಮಕ್ಕಳು ಊರಿನ ಶಾಲೆಗೆ ನಡೆದು ಹೋಗುತ್ತಾರೆ, ಇನ್ನೊಬ್ಬನ ಮಕ್ಕಳು ಇಪ್ಪತ್ತು ಮೈಲಿ ಬಸ್ಸಿನಲ್ಲಿ ಹೋಗಬೇಕು ಎಂಬುದನ್ನು ನೋಡಿ ಬಸ್ಸಿನ ಖರ್ಚು ಸೇರಿಸಿ ಕೊಡಬಹುದು. ಎರಡನೆಯದು ಸಮತೋಲನ. ಹಾಗೆಂದು ಮೊದಲ ಮಗನಿಗೆ ಏನೂ ಇಲ್ಲವೆಂದಲ್ಲ. ಜನಸಂಖ್ಯೆಯ ಪ್ರಕಾರ ಎಷ್ಟು ಸಿಗಬೇಕಿತ್ತೋ ಅದರ ಶೇ 30ರಷ್ಟಾದರೂ ಪ್ರತಿ ಮಂಡಳಿಗೂ ಸಿಗಲೇಬೇಕೆಂಬ ನಿಯಮವಿದೆ. ಪರ್ತ್ ನಗರದ ಶ್ರೀಮಂತ ಮಂಡಳಿಗಳಲ್ಲಿ ಹಲವು ಈ ಕನಿಷ್ಠ ಮೊತ್ತವನ್ನಷ್ಟೇ ಪಡೆಯುತ್ತವೆ.

ರಸ್ತೆಯ ಗಂಟಿಗೆ ಪಶ್ಚಿಮ ಆಸ್ಟ್ರೇಲಿಯಾದ ಆಯೋಗ ಬೇರೆ ಸೂತ್ರ ಬಳಸುತ್ತದೆ. ಇರುವ ರಸ್ತೆ ಹಾಳಾಗದಂತೆ ಉಳಿಸಿಕೊಳ್ಳಲು ಎಷ್ಟು ಬೇಕು ಎಂಬುದೇ ಅಲ್ಲಿನ ಮುಖ್ಯ ಲೆಕ್ಕ. ಆ ರಸ್ತೆಯಲ್ಲಿ ಎಷ್ಟು ಮತದಾರರಿದ್ದಾರೆ ಎಂಬ ಪ್ರಶ್ನೆ ಬರುವುದಿಲ್ಲ. ಒಂದು ಪಾಲನ್ನು ಸೇತುವೆಗಳಿಗೂ ಮೂಲನಿವಾಸಿಗಳ ದೂರದ ನೆಲೆಗಳಿಗೆ ಹೋಗುವ ರಸ್ತೆಗಳಿಗೂ ಪ್ರತ್ಯೇಕವಾಗಿ ತೆಗೆದಿಡುತ್ತಾರೆ.

ನಮ್ಮಲ್ಲಿ ಹೇಗೆ? 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ನೂರರಲ್ಲಿ 90 ಪಾಲನ್ನು ಜನಸಂಖ್ಯೆಗೆ, 10 ಪಾಲನ್ನು ವಿಸ್ತೀರ್ಣಕ್ಕೆ ಕೊಟ್ಟಿತು. ದಟ್ಟ ಜನಸಂಖ್ಯೆಯ ದೇಶದಲ್ಲಿ ತಲೆ ಎಣಿಕೆಗೆ ತೂಕ ಹೆಚ್ಚಾಗುವುದು ಸಹಜವೇ. ಆದರೂ ಬೆಟ್ಟಕ್ಕೊಂದು ಒಂಟಿಮನೆ ಇರುವ ಕಡೆ ಅದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆ ಮುಳುಗಿದ ಮೇಲೆ ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯವರು ಹೊರಜಗತ್ತಿಗೆ ಲಾಂಚ್ ಕಾದು ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ. ಆರು ದಶಕ! ಆಚೆ ದಡದಲ್ಲಿ ಲಕ್ಷ ಮತಗಳಿದ್ದಿದ್ದರೆ ಇಷ್ಟು ಕಾಯಬೇಕಿತ್ತೇ ಎಂದು ಅಲ್ಲಿನವರು ಕೇಳಿದರೆ ಅದಕ್ಕೆ ಉತ್ತರ ಕೊಡುವುದು ಕಷ್ಟ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ಪೂರ್ತಿ ಮರೆತಿಲ್ಲ. ಕರ್ನಾಟಕದಲ್ಲಿ ಸಾಮಾನ್ಯವಾಗಿ 5,000ದಿಂದ 7,000 ಜನರಿಗೆ ಒಂದು ಗ್ರಾಮ ಪಂಚಾಯಿತಿ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಪಂಚಾಯಿತಿ ಮಾಡಲು ಅವಕಾಶವಿದೆ. ದೂರವೂ ಒಂದು ಹೊರೆ ಎಂಬುದನ್ನು ಶಾಸನವೇ ಒಪ್ಪಿಕೊಂಡ ಜಾಗ ಅದು.

ಶಾಲೆ, ಆಸ್ಪತ್ರೆ, ದೂರವಾಣಿ

ಇವು ಶೈರ್‌ನ ಹೊಣೆಯಲ್ಲ, ಮೇಲಿನ ಸರ್ಕಾರಗಳದ್ದು. ಸ್ಟೇಷನ್‌ಗಳಲ್ಲಿ ಬೆಳೆಯುವ ಮಕ್ಕಳು ‘ಸ್ಕೂಲ್ ಆಫ್ ದಿ ಏರ್’ ಎಂಬ ಏರ್ಪಾಡಿನ ಮೂಲಕ ಮನೆಯಲ್ಲೇ ಕಲಿಯುತ್ತಾರೆ. ಹಿಂದೆ ಶಿಕ್ಷಕರ ದನಿ ರೇಡಿಯೊದಲ್ಲಿ ಬರುತ್ತಿತ್ತು, ಈಗ ಉಪಗ್ರಹದ ಇಂಟರ್ನೆಟ್‌ನಲ್ಲಿ ಮುಖವೂ ಕಾಣುತ್ತದೆ. ಪಿಯಾ ವಜಾರಿ ಎಂಬ ಮೂಲನಿವಾಸಿಗಳ ನೆಲೆಯಲ್ಲಿ ಒಂದು ಸಣ್ಣ ಶಾಲೆಯಿದೆ. ಕಾಯಿಲೆ ಬಿದ್ದರೆ 1928ರಲ್ಲಿ ಆರಂಭವಾದ ಹಾರುವ ವೈದ್ಯರ ಸೇವೆಯ ವಿಮಾನ ಬರುತ್ತದೆ. ವಿಮಾನ ಇಳಿಯಲು ಮಣ್ಣಿನ ಓಟಪಥ ಸಮತಟ್ಟಾಗಿರಬೇಕು. ಅಲ್ಲಿ ಮತ್ತೆ ಗ್ರೇಡರೇ ಬೇಕು.

ನೆರೆಯ ಶೈರ್ ಜೊತೆ ಸೇರಿಸಿಬಿಡಬಾರದೇ?

ಈ ಪ್ರಶ್ನೆ ಆಸ್ಟ್ರೇಲಿಯಾದಲ್ಲಿ ಮತ್ತೆ ಮತ್ತೆ ಏಳುತ್ತದೆ. ವಿಕ್ಟೋರಿಯಾ ರಾಜ್ಯ 1990ರ ದಶಕದಲ್ಲಿ 210 ಮಂಡಳಿಗಳನ್ನು ಕೂಡಿಸಿ 78ಕ್ಕೆ ಇಳಿಸಿತು. ಕ್ವೀನ್ಸ್‌ಲ್ಯಾಂಡ್ 2008ರಲ್ಲಿ 157 ಇದ್ದವನ್ನು 73 ಮಾಡಿತು. ಕಚೇರಿ ಒಂದಾದರೆ ಖರ್ಚು ಉಳಿಯುತ್ತದೆ ಎಂಬುದು ವಾದ. ಅಕ್ಕಪಕ್ಕದಲ್ಲಿರುವ ನಗರ ಮಂಡಳಿಗಳಿಗೆ ಈ ಮಾತು ಒಪ್ಪಬಹುದು. ಮರ್ಚಿಸನ್‌ನಂಥ ಕಡೆ ಖರ್ಚಿನ ಮೂಲ ಕಚೇರಿಯಲ್ಲ, ರಸ್ತೆ. ಎರಡು ಶೈರ್ ಕೂಡಿಸಿದರೆ ರಸ್ತೆಯ ಉದ್ದ ಒಂದು ಗೇಣೂ ಕಡಿಮೆಯಾಗುವುದಿಲ್ಲ. ಕಚೇರಿ ಮಾತ್ರ ಇನ್ನೂ ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಗೆ ಹೋಗುತ್ತದೆ. ಆ ನೆಲೆಯಲ್ಲಿರುವ ಕೆಲವೇ ಉದ್ಯೋಗಗಳೂ ಅದರೊಂದಿಗೆ ಹೊರಡುತ್ತವೆ.

ನಿಶ್ಶಬ್ದವೇ ಸಂಪತ್ತಾದದ್ದು

ಇನ್ನು ಎಸ್‌ಕೆಎಗೆ ಬರೋಣ. ಜನವಿಲ್ಲದ ನೆಲವನ್ನು ಹುಡುಕಿಕೊಂಡು ಖಗೋಳ ವಿಜ್ಞಾನಿಗಳು ಏಕೆ ಬಂದರು?

ರೇಡಿಯೊ ದೂರದರ್ಶಕ ಆಕಾಶವನ್ನು ಕಣ್ಣಿನಿಂದಲ್ಲ, ಕಿವಿಯಿಂದ ನೋಡುತ್ತದೆ ಎನ್ನಬಹುದು. ನಕ್ಷತ್ರಗಳು, ಅನಿಲದ ಮೋಡಗಳು ಹೊರಸೂಸುವ ರೇಡಿಯೊ ಅಲೆಗಳನ್ನು ಅದು ಹಿಡಿಯುತ್ತದೆ. ಮರ್ಚಿಸನ್‌ನಲ್ಲಿ ಏಳುತ್ತಿರುವ ಭಾಗ 50ರಿಂದ 350 ಮೆಗಾಹರ್ಟ್ಸ್ ನಡುವಿನ ಅಲೆಗಳನ್ನು ಕೇಳುತ್ತದೆ. ನಾವು ಹಾಡು ಕೇಳುವ ಎಫ್ಎಂ ಕೇಂದ್ರಗಳು 88ರಿಂದ 108ರ ನಡುವೆ ಇವೆ, ಅಂದರೆ ಅದೇ ಹರವಿನೊಳಗೆ! ಬ್ರಹ್ಮಾಂಡದ ಮೊದಲ ನಕ್ಷತ್ರಗಳು ಬೆಳಗಿದ ಕಾಲದ ಜಲಜನಕದ ಸಂಕೇತ ಶತಕೋಟಿಗಟ್ಟಲೆ ವರ್ಷ ಸಾಗಿ, ಹಿಗ್ಗಿ, ಇದೇ ಅಲೆಗಳಾಗಿ ಬರುತ್ತದೆ. ಜಾತ್ರೆಯ ಧ್ವನಿವರ್ಧಕದ ಪಕ್ಕ ನಿಂತು ಮಗುವಿನ ಪಿಸುಮಾತು ಕೇಳಿಸಿಕೊಳ್ಳಲು ಆಗದು. ಮೊಬೈಲ್ ಗೋಪುರ, ವೈಫೈ, ವಾಹನದ ಎಂಜಿನ್ನಿನ ಕಿಡಿ, ಎಲ್ಲವೂ ಈ ಯಂತ್ರಕ್ಕೆ ಗದ್ದಲವೇ.

ಆದ್ದರಿಂದ ಆಸ್ಟ್ರೇಲಿಯಾ ಸರ್ಕಾರ ಇಲ್ಲಿ ರೇಡಿಯೊ ನಿಶ್ಶಬ್ದ ವಲಯವೊಂದನ್ನು ಗುರುತಿಸಿದೆ. ಒಳಗಿನ 70 ಕಿಲೋಮೀಟರ್ ತ್ರಿಜ್ಯದಲ್ಲಿ, ಎಂದರೆ ಕೇಂದ್ರದಿಂದ ಎಲ್ಲ ದಿಕ್ಕಿಗೂ ಅಷ್ಟು ದೂರದವರೆಗೆ, ಖಗೋಳ ವೀಕ್ಷಣೆಗೇ ಆದ್ಯತೆ. ಹೊರಗಿನ ಅಂಚು 260 ಕಿಲೋಮೀಟರಿನವರೆಗೆ ಚಾಚಿದೆ. ವೀಕ್ಷಣಾಲಯದ ಕಂಪ್ಯೂಟರುಗಳಿರುವ ಕಟ್ಟಡಕ್ಕೂ ರೇಡಿಯೊ ಅಲೆ ಸೋರದಂತೆ ಎರಡು ಪದರದ ಲೋಹದ ಕವಚ ಹಾಕಿದ್ದಾರೆ.

ಈಗ ಅಲ್ಲಿ 36 ತಟ್ಟೆಗಳ ಆಸ್ಕ್ಯಾಪ್ ಎಂಬ ದೂರದರ್ಶಕವಿದೆ. 2013ರಿಂದ ಕೆಲಸ ಮಾಡುತ್ತಿರುವ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಕೂಡ ಇದೆ. ಅದರ ಸಂಕೇತಗ್ರಾಹಕ ಉಪಕರಣಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೊಡುಗೆಯಿದೆ. 2022ರ ಡಿಸೆಂಬರ್‌ನಲ್ಲಿ ಎಸ್‌ಕೆಎ ನಿರ್ಮಾಣಕ್ಕೆ ಚಾಲನೆ ಸಿಕ್ಕಿತು. ಮುಗಿದಾಗ ಮನುಷ್ಯನ ಎತ್ತರಕ್ಕಿಂತ ತುಸು ಹೆಚ್ಚಿರುವ, ಕವಲೊಡೆದ ಗಿಡದಂಥ 1,31,072 ಆಂಟೆನಾಗಳು 512 ಗುಂಪುಗಳಲ್ಲಿ ನಿಂತಿರುತ್ತವೆ. ಮೊದಲ 1,024 ಆಂಟೆನಾಗಳಿಂದ ಪಡೆದ ಚಿತ್ರ 2025ರ ಮಾರ್ಚ್‌ನಲ್ಲಿ ಹೊರಬಂತು.

ಕರ್ನಾಟಕಕ್ಕೂ ಮರ್ಚಿಸನ್‌ಗೂ ನಡುವೆ ಇನ್ನೊಂದು ಎಳೆಯಿದೆ, ನನಗೆ ಬಹಳ ಪ್ರಿಯವಾದದ್ದು. 2018ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡ ಮರ್ಚಿಸನ್‌ನಲ್ಲಿ ಇರಿಸಿದ್ದ, ಊಟದ ಮೇಜಿನಷ್ಟು ದೊಡ್ಡ ಒಂದು ಉಪಕರಣದಿಂದ ಮೊದಲ ನಕ್ಷತ್ರಗಳ ಕಾಲದ ಸಂಕೇತ ಸಿಕ್ಕಿತೆಂದು ಪ್ರಕಟಿಸಿತು. ಜಗತ್ತು ಬೆರಗಾಯಿತು. ಅದನ್ನು ಪರೀಕ್ಷಿಸಲು ಹೊರಟದ್ದು ರಾಮನ್ ಸಂಸ್ಥೆಯ ‘ಸಾರಸ್’ ತಂಡ. ಆಂಟೆನಾದ ಕೆಳಗಿನ ನೆಲ ಪದರ ಪದರವಾಗಿದ್ದರೆ ಅಳತೆ ಕೆಡುತ್ತದೆ, ನೀರು ಎಲ್ಲೆಡೆ ಒಂದೇ ಸಮ. ಹಾಗಾಗಿ ಅವರು ತಮ್ಮ ಉಪಕರಣವನ್ನು ತೆಪ್ಪದ ಮೇಲೆ ಕೂರಿಸಿ 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟರು. ಅಂಥ ಸಂಕೇತ ತಮಗೆ ಕಾಣಲಿಲ್ಲವೆಂದು 2022ರಲ್ಲಿ ವರದಿ ಮಾಡಿದರು. ಲಾಂಚ್‌ಗಾಗಿ ಕಾದವರ ಆ ನೀರಿನ ಮೇಲೆಯೇ, ಜನ ವಿರಳವಾದ ಆ ಜಾಗದ ಮೌನದಲ್ಲಿಯೇ, ಮರ್ಚಿಸನ್‌ನ ದೊಡ್ಡ ಸುದ್ದಿ ಪರೀಕ್ಷೆಗೆ ಒಳಗಾಯಿತು.

ಖಾಲಿ ಎನ್ನುವ ಮುನ್ನ

ಜನಗಣತಿಯಲ್ಲಿ ತಲೆ ಕಡಿಮೆ ಇರುವ ನೆಲವನ್ನು ಖಾಲಿ ಎಂದು ಕರೆಯುವುದು ಸುಲಭ. ಚಳ್ಳಕೆರೆಯ ಕಾವಲುಗಳನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿದಾಗ ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು. ಕಾಗದದಲ್ಲಿ ಖಾಲಿಯಾಗಿದ್ದ ನೆಲ ಅವರಿಗೆ ಬದುಕಾಗಿತ್ತು.

ಮರ್ಚಿಸನ್ ವಜಾರಿ ಜನರ ನೆಲ. ಯುರೋಪಿನವರು ಕುರಿ ತರುವುದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಅವರು ಅಲ್ಲಿದ್ದಾರೆ. ಆ ನೆಲದ ಮೇಲಿನ ಅವರ ಪಾರಂಪರಿಕ ಹಕ್ಕನ್ನು ಆಸ್ಟ್ರೇಲಿಯಾದ ನ್ಯಾಯಾಲಯ 2017ರಲ್ಲಿ ಮಾನ್ಯ ಮಾಡಿತು. ದೂರದರ್ಶಕಕ್ಕಾಗಿ ಅವರೊಂದಿಗೆ 2009ರಲ್ಲಿ ಒಂದು ಒಪ್ಪಂದ, ಎಸ್‌ಕೆಎಗಾಗಿ 2022ರಲ್ಲಿ ಮತ್ತೊಂದು ಒಪ್ಪಂದ ಆಯಿತು. ವೀಕ್ಷಣಾಲಯಕ್ಕೆ ಅವರ ಭಾಷೆಯಲ್ಲಿ ‘ಇನ್ಯಾರಿಮಾನ್ಹ ಇಲ್ಗಾರಿ ಬುಂದಾರ’ ಎಂಬ ಹೆಸರಿದೆ. ಆಕಾಶವನ್ನೂ ನಕ್ಷತ್ರಗಳನ್ನೂ ಹಂಚಿಕೊಳ್ಳುವುದು ಎಂದು ಅದರ ಅರ್ಥ. ಆಸ್ಕ್ಯಾಪ್‌ನ ತಟ್ಟೆಗಳಿಗೂ ವಜಾರಿ ಹೆಸರುಗಳನ್ನಿಟ್ಟಿದ್ದಾರೆ. ಒಂದು ತಟ್ಟೆಯ ಹೆಸರು ವಿಲಾರ, ಅಂದರೆ ಚಂದ್ರ.

ನಾವು ಆಕಾಶದಲ್ಲಿ ಬೆಳಗುವ ಚುಕ್ಕಿಗಳನ್ನು ಕೂಡಿಸಿ ಕೃತ್ತಿಕೆ, ರೋಹಿಣಿ ಎನ್ನುತ್ತೇವೆ. ವಜಾರಿಗಳು ಆಕಾಶಗಂಗೆಯ ನಡುವಿನ ಕತ್ತಲನ್ನೂ ಓದುತ್ತಾರೆ. ಆ ಕಪ್ಪು ಪಟ್ಟೆಗಳಲ್ಲಿ ಅವರಿಗೆ ಕಾಣುವುದು ಕತ್ತು ಚಾಚಿದ ಎಮು ಹಕ್ಕಿ. ಇಂದು ಹೊಸ ಆಂಟೆನಾಗಳಿಗೆ ನೆಲ ಸಮ ಮಾಡುವ ಮೊದಲು ವಜಾರಿ ಹಿರಿಯರೂ ಕಿರಿಯರೂ ಆ ಜಾಗದಲ್ಲಿ ನಡೆದು ನೋಡುತ್ತಾರೆ. ಹಳೆಯ ಕಲ್ಲಿನ ಉಪಕರಣವೋ ಪವಿತ್ರ ಸ್ಥಳವೋ ಕಂಡರೆ ಗುರುತು ಮಾಡುತ್ತಾರೆ. ಯಂತ್ರ ಅಲ್ಲಿಂದ ದೂರ ಸರಿಯುತ್ತದೆ.